ಸಮಾನ ಕೆಲಸಕ್ಕೆ ಸಮಾನ ವೇತನ: ಉದ್ಯೋಗದಾತರು ತಿಳಿದಿರಬೇಕಾದ ಅಂಶಗಳು

ತಿ. ನರಸೀಪುರ ತಾಲ್ಲೂಕಿನ ಸೋಸಲೆ ಹಾಗೂ ಸುತ್ತಮುತ್ತಲ ಗ್ರಾಮಗಳ ಉದ್ಯೋಗದಾತರು ಮತ್ತು ಕಾರ್ಮಿಕರ ಮಾಹಿತಿಗಾಗಿ ಈ ಕೆಳಕಂಡ ಅಂಶಗಳನ್ನು ನೀಡಲಾಗಿದೆ.

1. ಕಾನೂನು ಯಾವುದು?
ಈ ಹಿಂದೆ ಜಾರಿಯಲ್ಲಿದ್ದ ಸಮಾನ ವೇತನ ಕಾಯ್ದೆ, 1976ರ ಬದಲಿಗೆ ವೇತನ ಸಂಹಿತೆ, 2019 ದಿನಾಂಕ 21-11-2025ರಿಂದ ಜಾರಿಗೆ ಬಂದಿರುತ್ತದೆ. ಇದು ಕಾರ್ಖಾನೆ, ಅಂಗಡಿಗಳಿಗಷ್ಟೇ ಅಲ್ಲದೆ ಕೃಷಿ ಕೂಲಿಗೂ ಅನ್ವಯಿಸುತ್ತದೆ.

2. ಉದ್ಯೋಗದಾತರ ಕರ್ತವ್ಯಗಳು
ಅ) ಒಂದೇ ಅಥವಾ ಒಂದೇ ಸ್ವರೂಪದ ಕೆಲಸಕ್ಕೆ ಲಿಂಗದ ಆಧಾರದ ಮೇಲೆ ವೇತನದಲ್ಲಿ ತಾರತಮ್ಯ ಮಾಡತಕ್ಕದ್ದಲ್ಲ.
ಆ) ವೇತನವನ್ನು ಸಮಗೊಳಿಸುವ ನೆಪದಲ್ಲಿ ಯಾರ ವೇತನ ದರವನ್ನೂ ಕಡಿಮೆ ಮಾಡತಕ್ಕದ್ದಲ್ಲ.
ಇ) ಕಾನೂನಿನಲ್ಲಿ ನಿಷೇಧ ಅಥವಾ ನಿರ್ಬಂಧವಿರುವ ಕೆಲಸಗಳ ಹೊರತು, ನೇಮಕಾತಿಯಲ್ಲಿ ಮತ್ತು ಸೇವಾ ಷರತ್ತುಗಳಲ್ಲಿ ಮಹಿಳೆಯರಿಗೆ ತಾರತಮ್ಯ ಮಾಡತಕ್ಕದ್ದಲ್ಲ.

3. ಒಂದೇ ಸ್ವರೂಪದ ಕೆಲಸ ಎಂದರೇನು?
ಬೇಕಾಗುವ ಕೌಶಲ್ಯ, ಶ್ರಮ, ಅನುಭವ ಮತ್ತು ಹೊಣೆಗಾರಿಕೆ ಒಂದೇ ಆಗಿದ್ದು, ಕೆಲಸದ ಪರಿಸ್ಥಿತಿಯೂ ಒಂದೇ ಬಗೆಯದಾಗಿರಬೇಕು. ಸಣ್ಣಪುಟ್ಟ ವ್ಯತ್ಯಾಸಗಳನ್ನು ಪರಿಗಣಿಸಲಾಗುವುದಿಲ್ಲ. ಉದಾಹರಣೆಗೆ, ಒಂದೇ ಗದ್ದೆಯಲ್ಲಿ ಒಟ್ಟಾಗಿ ಭತ್ತ ಕೊಯ್ಯುವ ಹೆಣ್ಣಾಳು ಮತ್ತು ಗಂಡಾಳಿಗೆ ಬೇರೆ ಬೇರೆ ಕೂಲಿ ನೀಡಲು "ಊರಿನ ರೂಢಿ" ಎಂಬುದು ಸಮರ್ಥನೆಯಾಗುವುದಿಲ್ಲ. ಮಹಿಳಾ ಶೀಘ್ರಲಿಪಿಗಾರರಿಗೆ ಕಡಿಮೆ ವೇತನ ನೀಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ, ಸಮಾನ ವೇತನ ನೀಡುವ ಶಕ್ತಿ ತನಗಿಲ್ಲವೆಂಬ ಉದ್ಯೋಗದಾತರ ವಾದವನ್ನು ಒಪ್ಪಲಿಲ್ಲ.

4. ದಾಖಲೆಗಳು
ವೇತನ ವಹಿ ಇಡುವುದು ಮತ್ತು ವೇತನ ಚೀಟಿ ನೀಡುವುದು ಕಡ್ಡಾಯ. ಕೃಷಿ ಅಥವಾ ಮನೆಗೆಲಸಕ್ಕೆ ಐದಕ್ಕಿಂತ ಹೆಚ್ಚು ಜನರನ್ನು ನೇಮಿಸದವರಿಗೆ ಇದರಿಂದ ವಿನಾಯಿತಿ ಇದೆ. ಆದರೂ ತನಿಖಾಧಿಕಾರಿ ಕೇಳಿದಾಗ ಕೂಲಿ ಪಾವತಿಸಿದ್ದಕ್ಕೆ ಪುರಾವೆ ಹಾಜರುಪಡಿಸತಕ್ಕದ್ದು. ಸಮಾನ ವೇತನದ ನಿಯಮದಿಂದ ಅವರಿಗೆ ವಿನಾಯಿತಿ ಇರುವುದಿಲ್ಲ.

5. ಪರಿಹಾರ ಪಡೆಯುವ ವಿಧಾನ
ಕಡಿಮೆ ವೇತನ ಪಡೆದವರು ಮೂರು ವರ್ಷಗಳೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ತಾವು ಸದಸ್ಯರಾಗಿರುವ ನೋಂದಾಯಿತ ಕಾರ್ಮಿಕ ಸಂಘದ ಮೂಲಕವೂ ಸಲ್ಲಿಸಬಹುದು. ವೇತನ ಪಾವತಿಸಲಾಗಿದೆ ಎಂದು ರುಜುವಾತುಪಡಿಸುವ ಹೊಣೆ ಉದ್ಯೋಗದಾತರದ್ದು. ಬಾಕಿ ಮೊತ್ತದೊಂದಿಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಲು ಪ್ರಾಧಿಕಾರಕ್ಕೆ ಅವಕಾಶವಿದೆ.

6. ದಂಡನೆ
ಸಲ್ಲತಕ್ಕ ವೇತನಕ್ಕಿಂತ ಕಡಿಮೆ ನೀಡಿದಲ್ಲಿ ರೂ. 50,000ದವರೆಗೆ ದಂಡ ವಿಧಿಸಬಹುದು. ಐದು ವರ್ಷಗಳೊಳಗೆ ಅದೇ ಅಪರಾಧ ಮರುಕಳಿಸಿದಲ್ಲಿ ಮೂರು ತಿಂಗಳವರೆಗೆ ಕಾರಾವಾಸ ಅಥವಾ ರೂ. 1 ಲಕ್ಷದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

7. ಉಚಿತ ಕಾನೂನು ನೆರವು
ಮಹಿಳೆಯರು ಆದಾಯದ ಮಿತಿಯಿಲ್ಲದೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಿಂದ ಉಚಿತ ನೆರವು ಪಡೆಯಬಹುದು. ಕೆಲಸ ಮಾಡಿದ ದಿನಾಂಕ, ಕೆಲಸದ ವಿವರ, ಪಡೆದ ಕೂಲಿ ಮತ್ತು ಜೊತೆಯಲ್ಲಿದ್ದವರ ಹೆಸರುಗಳನ್ನು ಬರೆದಿಟ್ಟುಕೊಂಡಲ್ಲಿ ಅರ್ಜಿಯ ವಿಚಾರಣೆಗೆ ಅನುಕೂಲವಾಗುತ್ತದೆ.