ರೋಗಾಣುವಿನಿಂದ ನದಿಯವರೆಗೆ: ಪುಣೆಯ ಬ್ಯಾಕ್ಟೀರಿಯಾ ವಿಜ್ಞಾನ

ಭಾರತದಲ್ಲಿ ಬ್ಯಾಕ್ಟೀರಿಯಾ ವಿಜ್ಞಾನ ಹೇಗೆ ಬೆಳೆಯಿತು ಎಂಬುದನ್ನು ಒಂದೇ ಊರಿನಲ್ಲಿ ನಿಂತು ನೋಡಬೇಕಾದರೆ ಪುಣೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ದನಕರುಗಳ ಸಾಂಕ್ರಾಮಿಕ ರೋಗಗಳನ್ನು ಅಭ್ಯಾಸ ಮಾಡಲು ಬ್ರಿಟಿಷ್ ಸರ್ಕಾರ 1889ರಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಲಾಜಿಕಲ್ ಲ್ಯಾಬೊರೇಟರಿಯನ್ನು ಸ್ಥಾಪಿಸಿದ್ದು ಇಲ್ಲಿ. ಆಲ್ಫ್ರೆಡ್ ಲಿಂಗಾರ್ಡ್ ಅದರ ಮೊದಲ ಮುಖ್ಯಸ್ಥರು. 1893ರಲ್ಲಿ ಅದು ಹಿಮಾಲಯದ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡಿತು. ಇಂದಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಬೆಳೆದದ್ದು ಆ ಬೇರಿನಿಂದ.

ಪ್ರಯೋಗಾಲಯ ಹೋದ ಕೆಲವೇ ವರ್ಷಗಳಲ್ಲಿ ಪುಣೆಗೆ ಪ್ಲೇಗ್ ಬಂತು. ರೋಗಿಗಳ ಆರೈಕೆಯಲ್ಲಿ ತೊಡಗಿದ್ದ ಸಾವಿತ್ರಿಬಾಯಿ ಫುಲೆ ಅದೇ ರೋಗ ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದರು. ವಾಲ್ಡೆಮಾರ್ ಹಾಫ್ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಲಸಿಕೆಯನ್ನೂ ಸಿದ್ಧಪಡಿಸಿದರು. ಮರುವರ್ಷ ಹುಬ್ಬಳ್ಳಿಯಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಆದರೆ ಆ ಬ್ಯಾಕ್ಟೀರಿಯಾ ಇಲಿಯಿಂದ ಚಿಗಟಕ್ಕೆ, ಚಿಗಟದಿಂದ ಮನುಷ್ಯನಿಗೆ ದಾಟುತ್ತದೆಂದು ಪಾಲ್-ಲೂಯಿ ಸಿಮೋಂ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ಅಲ್ಲಿಯವರೆಗೆ ಅಧಿಕಾರಿಗಳು ಮನೆಗಳನ್ನು ಶೋಧಿಸಿ, ಜನರನ್ನು ಎಳೆದೊಯ್ದು, ಸಾಮಾನುಗಳನ್ನು ಸುಟ್ಟದ್ದೇ ಬಂತು. ರೋಗಾಣುವಿನ ಗುರುತು ಸಿಕ್ಕರೆ ಸಾಲದು, ಅದು ಎಲ್ಲಿ ನೆಲೆಸಿದೆ, ಯಾವ ದಾರಿಯಲ್ಲಿ ಬರುತ್ತದೆ ಎಂಬುದೂ ತಿಳಿಯಬೇಕು. ಮುಂದಿನ ನೂರಿಪ್ಪತ್ತೈದು ವರ್ಷ ಈ ವಿಜ್ಞಾನ ಮತ್ತೆ ಮತ್ತೆ ಕಲಿತ ಪಾಠ ಇದು.

ಮಣ್ಣಿನಿಂದ ಮದ್ದು

ಸ್ವಾತಂತ್ರ್ಯದ ನಂತರ ದೃಷ್ಟಿ ಬದಲಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 1954ರಲ್ಲಿ ಪುಣೆಯ ಪಕ್ಕದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. ಮರುವರ್ಷವೇ ಅಲ್ಲಿ ಪೆನಿಸಿಲಿನ್ ತಯಾರಾಗತೊಡಗಿತು. ಅದರ ಸಂಶೋಧನಾ ವಿಭಾಗವನ್ನು ಮುನ್ನಡೆಸಿದವರು ಕರ್ನಾಟಕದಲ್ಲಿ ಹುಟ್ಟಿದ ಶಿಲೀಂಧ್ರ ತಜ್ಞ ಎಂ. ಜೆ. ತಿರುಮಲಾಚಾರ್. ಅವರ ತಂಡ ಸ್ಟ್ರೆಪ್ಟೊಮೈಸಿಸ್ ಕುಲದ ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಅವು ಸ್ರವಿಸುವ ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿತು. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೂ ಈ ಕುಲದ ಬ್ಯಾಕ್ಟೀರಿಯಾಗಳೇ ಮುಖ್ಯ ಕಾರಣ. ಪಿಂಪ್ರಿಯ ಹೆಸರನ್ನೇ ಹೊತ್ತ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾದಿಂದ ಶಿಲೀಂಧ್ರ ಸೋಂಕಿಗೆ ಹ್ಯಾಮೈಸಿನ್ ಎಂಬ ಔಷಧ ಸಿಕ್ಕಿತು. ಬೆಳೆಗಳ ರೋಗಕ್ಕೆ ಆರಿಯೋಫಂಜಿನ್ ಬಂತು. ಶತ್ರುವೆಂದೇ ತಿಳಿದಿದ್ದ ಜೀವಿವರ್ಗ ಮನುಷ್ಯನಿಗೂ ಪೈರಿಗೂ ಮದ್ದು ಕೊಟ್ಟಿತು.

ಸಂಗ್ರಹದ ಕಾಲ

ಉಪಯುಕ್ತ ಬ್ಯಾಕ್ಟೀರಿಯಾ ಸಿಕ್ಕರೆ ಅದನ್ನು ಕೆಡದಂತೆ ಕಾಪಾಡಬೇಕು. ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ 1951ರಿಂದಲೇ ಕೈಗಾರಿಕಾ ಸೂಕ್ಷ್ಮಾಣುಗಳ ಸಂಗ್ರಹವಿದೆ. ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಯೋಗೇಶ್ ಶೌಚೆ ಅವರ ನೇತೃತ್ವದಲ್ಲಿ 2009ರಲ್ಲಿ ಆರಂಭವಾದ ಸಂಗ್ರಹ ಇಂದು ಲಕ್ಷಕ್ಕೂ ಮಿಕ್ಕ ತಳಿಗಳನ್ನು ಕಾಯ್ದಿಟ್ಟುಕೊಂಡು, ಜಗತ್ತಿನ ದೊಡ್ಡ ಭಂಡಾರಗಳ ಸಾಲಿಗೆ ಸೇರಿದೆ.

ಹೊಸ ಬ್ಯಾಕ್ಟೀರಿಯಾಗಳನ್ನು ಹುಡುಕುತ್ತ ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆ ಭತ್ತದ ಗದ್ದೆಗೆ ಇಳಿಯಿತು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಅನಿಲ ಹುಟ್ಟಿಸುತ್ತವೆ. ಅದು ಭೂಮಿಯ ಬಿಸಿ ಏರಿಸುತ್ತದೆ. ಬೇರುಗಳ ಸುತ್ತ ಆಮ್ಲಜನಕ ಸಿಗುವ ಕಡೆ ಕೆಲವು ಬ್ಯಾಕ್ಟೀರಿಯಾಗಳು ಆ ಮೀಥೇನ್‌ನ ಒಂದು ಪಾಲನ್ನು ಗಾಳಿಗೆ ಸೇರುವ ಮೊದಲೇ ತಿಂದು ಮುಗಿಸುತ್ತವೆ. ಮೋನಾಲಿ ರಹಾಳ್ಕರ್ ಅವರ ತಂಡ ಭಾರತದ ಗದ್ದೆಗಳಿಂದ ಇಂಥ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ, ಮಿಥೈಲೊಕುಕುಮಿಸ್ ಎಂಬ ಹೊಸ ಕುಲವನ್ನೇ ಗುರುತಿಸಿತು.

ಕರುಳು ಮತ್ತು ಕೆಸರು

ಮನುಷ್ಯನ ಒಡಲಿನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರ ಒಂದು ಅಂದಾಜು ಹೇಳುತ್ತದೆ. ನಮಗೆ ಜೀರ್ಣವಾಗದ ನಾರನ್ನು ಅವು ಹುದುಗಿಸಿ, ಕರುಳಿನ ಕೋಶಗಳಿಗೆ ಆಹಾರ ಒದಗಿಸುತ್ತವೆ. ಶೌಚೆ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಒಂದೇ ಸೂರಿನಡಿ ಮೂರು ತಲೆಮಾರು ಬಾಳುವ ಅವಿಭಕ್ತ ಕುಟುಂಬಗಳನ್ನು ಆರಿಸಿಕೊಂಡು, ವಯಸ್ಸಿನೊಡನೆ ಕರುಳಿನ ಬ್ಯಾಕ್ಟೀರಿಯಾಗಳು ಬದಲಾಗುವ ಬಗೆಯನ್ನು ತೋರಿಸಿತು. ಮನೆ, ಅಡುಗೆ ಒಂದೇ ಆಗಿರುವುದರಿಂದ ವಯಸ್ಸಿನ ಪರಿಣಾಮವನ್ನು ಬೇರೆಯಾಗಿ ಕಾಣಲು ಅನುಕೂಲವಾಯಿತು. ನಮ್ಮ ಬದುಕಿನ ರೀತಿಯೇ ಇಲ್ಲಿ ಸಂಶೋಧನೆಯ ಸಾಧನವಾಯಿತು.

ಕರುಳಿನ ಬ್ಯಾಕ್ಟೀರಿಯಾಗಳು ಕೊಳಚೆಯೊಡನೆ ನದಿಗೂ ಸೇರುತ್ತವೆ. ಪುಣೆಯ ನಡುವೆ ಹರಿಯುವ ಮುಠಾ ನದಿಯ ಕೆಸರಿನ ಅಧ್ಯಯನವನ್ನು ನಚಿಕೇತ್ ಮರಾಠೆ ಮತ್ತಿತರರು 2017ರಲ್ಲಿ ಪ್ರಕಟಿಸಿದರು. ಪುಣೆಯ ಮೇಲ್ಭಾಗದ ಕೆಸರಿಗೆ ಹೋಲಿಸಿದರೆ ನಗರದ ಕೆಸರಿನಲ್ಲಿ ಆ್ಯಂಟಿಬಯಾಟಿಕ್‌ಗೆ ಮಣಿಯದಂತೆ ಮಾಡುವ ಜೀನ್‌ಗಳು 30 ಪಟ್ಟಿನವರೆಗೆ ಹೆಚ್ಚಿದ್ದವು. ವೈದ್ಯರ ಕೊನೆಯ ಆಸರೆಯಾದ ಕಾರ್ಬಪೆನೆಮ್ ಔಷಧಗಳನ್ನು ನಿಷ್ಫಲಗೊಳಿಸುವ ಜೀನ್‌ಗಳೂ ಅಲ್ಲಿದ್ದವು. ಶುದ್ಧೀಕರಿಸದ ಕೊಳಚೆ ನೀರು ಇದಕ್ಕೆ ಕಾರಣ. ಬ್ಯಾಕ್ಟೀರಿಯಾಗಳು ಇಂಥ ಜೀನ್‌ಗಳನ್ನು ಒಂದಕ್ಕೊಂದು ದಾಟಿಸಬಲ್ಲವು. ಪಿಂಪ್ರಿಯಲ್ಲಿ ತಯಾರಾಗತೊಡಗಿದ ಬಗೆಯ ಔಷಧಗಳ ಬಲವನ್ನೇ ನದಿ ಕುಗ್ಗಿಸುವ ಸ್ಥಿತಿ ಇದು.

2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ, ಕಿರ್ಕಟವಾಡಿ ಸುತ್ತಮುತ್ತ ಗಿಯಾನ್-ಬರ್ರೆ ಸಿಂಡ್ರೋಮ್ ಎಂಬ ನರರೋಗ ಕಾಣಿಸಿಕೊಂಡು, ಮುಂದೆ ಶಂಕಿತ ಪ್ರಕರಣಗಳು ಇನ್ನೂರು ದಾಟಿದವು. ಕೆಲವು ರೋಗಿಗಳ ಮಲದಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಜೆಜುನಿ ಸಿಕ್ಕಿತು; ಕಲುಷಿತ ನೀರಿನ ಮೇಲೆ ಅನುಮಾನ ಬಿತ್ತು. ಈ ಬ್ಯಾಕ್ಟೀರಿಯಾದ ಹೊರಕವಚ ನಮ್ಮ ನರಗಳ ಕೆಲವು ಅಣುಗಳನ್ನು ಹೋಲುತ್ತದೆ. ಹಾಗಾಗಿ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ನರಗಳ ಮೇಲೆಯೇ ಎರಗಿ ಕೈಕಾಲುಗಳ ಶಕ್ತಿ ಕುಂದಿಸಬಲ್ಲವು.

ಕರುಳು, ಗದ್ದೆ, ಆಸ್ಪತ್ರೆ, ನದಿ ಇವನ್ನು ನಾಲ್ಕು ಇಲಾಖೆಗಳ ಬೇರೆ ಬೇರೆ ಕಡತಗಳಾಗಿ ನೋಡುವ ಕಾಲ ಮುಗಿಯಬೇಕು. ಇದು ಕನ್ನಡಿಗರ ಮಾತೂ ಹೌದು: ಮುಠಾ ನದಿ ಮುಳಾ ನದಿಯೊಡನೆ ಕೂಡಿ ಸೇರುವುದು ಭೀಮೆಯನ್ನು, ಆ ಭೀಮೆ ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಹಾದು ಕೃಷ್ಣೆಗೆ ಸೇರುತ್ತದೆ. ಪುಣೆಯ ಕೆಸರಿನಲ್ಲಿ ಅಳೆದದ್ದನ್ನು ನಮ್ಮ ಭೀಮಾ ತೀರದ ಊರುಗಳಲ್ಲೂ ನಿಯಮಿತವಾಗಿ ಅಳೆಯಬೇಕು. ಕೊಳಚೆ ನೀರಿನ ಶುದ್ಧೀಕರಣಕ್ಕೆ ಲಸಿಕೆ, ಔಷಧಗಳಷ್ಟೇ ಮಹತ್ವ ಕೊಡಬೇಕು. ಅದಕ್ಕೆ ಬೇಕಾದ ಜ್ಞಾನವನ್ನು ಪುಣೆಯ ಪ್ರಯೋಗಾಲಯಗಳು ಈಗಾಗಲೇ ಒದಗಿಸಿವೆ. ಅದರಂತೆ ನಡೆಯುವ ಹೊಣೆ ನದಿಯುದ್ದಕ್ಕೂ ಇರುವ ಎರಡೂ ರಾಜ್ಯಗಳ ಆಡಳಿತಗಳದ್ದು.