ಪಕ್ಕದ ಮನೆಯ ಮಾತ್ರೆ

ಮೂತ್ರಪಿಂಡದಲ್ಲಿ ಕಲ್ಲಿದೆ ಎಂದು ಗೊತ್ತಾದ ವಾರವೇ ನನ್ನ ಅಡುಗೆಮನೆಯಿಂದ ಪಾಲಕ್ ಸೊಪ್ಪು, ಹಾಲು, ಮೊಸರು ಎಲ್ಲ ಹೊರಬಿದ್ದವು. ಒಳಗೆ ಬಂದದ್ದು ಒಂದೇ: ಪಕ್ಕದ ಮನೆಯ ಅಕ್ಕ ತಂದುಕೊಟ್ಟ ಬಿ6 ಮಾತ್ರೆ. "ಇದು ತಗೊಂಡ್ರೆ ಮತ್ತೆ ಕಲ್ಲಾಗಲ್ವಂತೆ ಕಣೇ" ಎಂದರು. ನುಂಗಿದೆ. ಆಮೇಲೆ, ಈ ಮಾತು ಹುಟ್ಟಿದ್ದಾದರೂ ಎಲ್ಲಿ ಎಂದು ಹುಡುಕಹೊರಟೆ.

ಅಕ್ಕನ ಮಾತಿಗೆ ಬುಡವಿಲ್ಲದೇ ಇರಲಿಲ್ಲ. ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. ಆಕ್ಸಲೇಟ್ ಬರುವುದು ಸೊಪ್ಪಿನಿಂದ ಮಾತ್ರ ಎಂದುಕೊಂಡಿದ್ದೆ; ನಮ್ಮ ಯಕೃತ್ತೂ ಅದನ್ನು ದಿನವೂ ತಯಾರಿಸುತ್ತದೆ! ಅಲ್ಲಿ ಹುಟ್ಟುವ ಗ್ಲೈಆಕ್ಸಿಲೇಟ್ ಎಂಬ ವಸ್ತುವನ್ನು ಒಂದು ಕಿಣ್ವವು ನಿರುಪದ್ರವಿ ಗ್ಲೈಸಿನ್ ಆಗಿ ಮಾರ್ಪಡಿಸುತ್ತದೆ. ಆ ಕಿಣ್ವಕ್ಕೆ ಬಿ6 ಜೊತೆಗಿರಬೇಕು. ಇಲ್ಲದಿದ್ದರೆ ಗ್ಲೈಆಕ್ಸಿಲೇಟ್ ಆಕ್ಸಲೇಟ್ ಆಗುವುದು ಹೆಚ್ಚುತ್ತದೆ.

1959ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಗೆರ್ಷಾಫ್ ಮತ್ತು ಸಂಗಡಿಗರು ಬಿ6 ಇಲ್ಲದ ಆಹಾರ ತಿಂದ ಬೆಕ್ಕುಗಳ ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳು ಕಂಡರು. ಮರುವರ್ಷ ಇಲಿಗಳಲ್ಲೂ ಕಲ್ಲಾದದ್ದು ವರದಿಯಾಯಿತು. 1967ರಲ್ಲಿ ಗೆರ್ಷಾಫ್ ಮತ್ತು ಎಡ್ವಿನ್ ಪ್ರಿಯನ್ ಮನುಷ್ಯರ ವರದಿ ಕೊಟ್ಟರು: ಪದೇಪದೇ ಕಲ್ಲಾಗುತ್ತಿದ್ದ 36 ಮಂದಿಯಲ್ಲಿ 30 ಮಂದಿಗೆ ಕಲ್ಲು ಮರುಕಳಿಸಲಿಲ್ಲ, ಇಲ್ಲವೇ ಕಡಿಮೆಯಾಯಿತು. ಆದರೆ ಅವರಿಗೆ ಬಿ6 ಜೊತೆ ಮೆಗ್ನೀಸಿಯಂ ಕೂಡ ಕೊಟ್ಟಿದ್ದರು. ಗುಣ ಯಾವುದರದು ಎಂದು ಹೇಳುವುದು ಹೇಗೆ?

ನನ್ನ ಮನಸ್ಸು ನಿಂತದ್ದು ಮುಂದಿನ ಕಥೆಯಲ್ಲಿ. 1976ರಲ್ಲಿ ಅಮೆರಿಕದ 1,21,700 ನರ್ಸುಗಳು ತಮ್ಮ ಆರೋಗ್ಯದ ಬಗ್ಗೆ ಪ್ರಶ್ನೆಪತ್ರ ತುಂಬಿ ಕಳಿಸಿದರು. ಗರ್ಭನಿರೋಧಕ ಗುಳಿಗೆಯ ಪರಿಣಾಮ ತಿಳಿಯಲು ಶುರುವಾದ ಅಧ್ಯಯನ ಅದು. ಎರಡು ವರ್ಷಕ್ಕೊಮ್ಮೆ ಪ್ರಶ್ನೆಪತ್ರ ಬರುತ್ತಲೇ ಇತ್ತು. ಕೆಲಸ, ಮನೆ, ಮಕ್ಕಳ ನಡುವೆ ಅವರು ತುಂಬುತ್ತಲೇ ಇದ್ದರು. ಏನು ತಿಂದೆವು ಎಂಬುದನ್ನೂ ಬರೆದರು. ಅವರಲ್ಲಿ 85,557 ಮಂದಿಯ 14 ವರ್ಷಗಳ ಲೆಕ್ಕವನ್ನು 1999ರಲ್ಲಿ ಗ್ಯಾರಿ ಕರ್ಹನ್ ತಂಡ ಪ್ರಕಟಿಸಿತು. 1,078 ಮಂದಿಗೆ ಕಲ್ಲಾಗಿತ್ತು. ದಿನಕ್ಕೆ 40 ಮಿಲಿಗ್ರಾಂ ಅಥವಾ ಹೆಚ್ಚು ಬಿ6 ಪಡೆದವರಿಗೆ, 3 ಮಿಲಿಗ್ರಾಂಗಿಂತ ಕಡಿಮೆ ಪಡೆದವರಿಗಿಂತ, ಕಲ್ಲಿನ ಅಪಾಯ ಮೂರರಲ್ಲಿ ಒಂದು ಪಾಲು ಕಡಿಮೆ. ಅಕ್ಕನ ಕಿವಿಗೆ ಬಿದ್ದದ್ದು ಬಹುಶಃ ಇದೇ ಸುದ್ದಿ.

2018ರಲ್ಲಿ ಕರ್ಹನ್ ಅವರೂ ಇದ್ದ ತಂಡ ಮತ್ತೆ ಲೆಕ್ಕ ಹಾಕಿತು. ಇನ್ನೂ ಹೆಚ್ಚು ವರ್ಷ, ಇನ್ನೂ ಹೆಚ್ಚು ಜನ, ಗಂಡಸರೂ ಸೇರಿ. ಈ ಸಲ ಬಿ6ಗೂ ಕಲ್ಲಿಗೂ ನಂಟೇ ಕಾಣಲಿಲ್ಲ. ಮೊದಲು ಹೇಳಿದ್ದನ್ನು ತಾವೇ ಅಲ್ಲಗಳೆಯುವುದು ಸುಲಭವಲ್ಲ. ನನಗಂತೂ ಮಾಡಿದ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒಪ್ಪಲೂ ಕಷ್ಟ.

ಹಾಗೆಂದು ಬಿ6 ಎಲ್ಲೂ ನಿಷ್ಪ್ರಯೋಜಕವಲ್ಲ. ಆ ಕಿಣ್ವವೇ ಹುಟ್ಟಿನಿಂದ ಕೆಟ್ಟಿರುವ ಅಪರೂಪದ ವಂಶವಾಹಿ ಕಾಯಿಲೆಯೊಂದಿದೆ. ಅಂಥ ಕೆಲವರಿಗೆ ಬಿ6 ನಿಜವಾಗಿಯೂ ಆಕ್ಸಲೇಟ್ ಇಳಿಸುತ್ತದೆ. ಮಿತಿಮೀರಿದರೆ ಮಾತ್ರ ಅದೇ ವಿಷ: ದಿನಕ್ಕೆ 2ರಿಂದ 6 ಗ್ರಾಂ ನುಂಗಿದ 7 ಮಂದಿಗೆ ಕೈಕಾಲು ಜೋಮು ಹಿಡಿದು ನಡಿಗೆ ತಪ್ಪಿದ್ದು 1983ರಲ್ಲಿ ವರದಿಯಾಗಿತ್ತು.

ಅದೇ ನರ್ಸುಗಳ ಉತ್ತರಗಳಿಂದ 1997ರಲ್ಲಿ ಇನ್ನೊಂದು ಸಂಗತಿಯೂ ಹೊರಬಂದಿತ್ತು. ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚು ಪಡೆದವರಿಗೆ ಕಲ್ಲು ಕಡಿಮೆ! ಕರುಳಿನಲ್ಲೇ ಅದು ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ. ಅದನ್ನು ಓದಿದ ದಿನ ಸಂಜೆ ಹಾಲಿಗೆ ಹೆಪ್ಪು ಹಾಕಿದೆ. ಅಕ್ಕನ ಮಾತ್ರೆ ಇನ್ನೂ ಅರ್ಧ ಉಳಿದಿತ್ತು.