ಮುಖಕ್ಕೆ ಎಷ್ಟು ಸ್ಪಷ್ಟತೆ ಬೇಕು?

ಛಾಯಾಗ್ರಹಣ ತನ್ನ ಕಣ್ಣಿನ ಚುರುಕಿಗೆ ಬೀಗುತ್ತಿದ್ದ ಕಾಲ. ಗೋಡೆಯ ಬಿರುಕು, ಮರದ ತೊಗಟೆ, ಕೋಟಿನ ನೇಯ್ಗೆ ಎಲ್ಲವೂ ಇದ್ದಹಾಗೇ ಪ್ಲೇಟಿನ ಮೇಲೆ ಇಳಿಯುತ್ತಿದ್ದವು. 1853ರಲ್ಲಿ, ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದ ವರ್ಷವೇ, ಸರ್ ವಿಲಿಯಂ ನ್ಯೂಟನ್ ಎಂಬ ಭಾವಚಿತ್ರಕಾರರು ಅದಕ್ಕೆ ಎದುರಾದ ಮಾತೊಂದನ್ನು ಸೊಸೈಟಿಯ ಮುಂದಿಟ್ಟರು: ಕಲೆಯ ದೃಷ್ಟಿಯಿಂದ ನೋಡಿದರೆ ಚಿತ್ರ ಕೊಂಚ ಫೋಕಸ್ ತಪ್ಪಿದ್ದರೇ ಒಳ್ಳೆಯದು. ಸೊಸೈಟಿಯ ಹಲವರಿಗೆ ಇದು ಒಪ್ಪಿಗೆಯಾಗಲಿಲ್ಲ. ಕ್ಯಾಮೆರಾ ಕೊಟ್ಟ ವರವನ್ನೇ ಬೇಡವೆನ್ನುವುದು ಅವರ ಪಾಲಿಗೆ ಅರ್ಥವಿಲ್ಲದ ಮಾತು. ಅಂದು ಎದ್ದ ವಾದ ಇಂದಿಗೂ ಮುಗಿದಿಲ್ಲ. ಅದು ಅತಿ ತೀವ್ರವಾಗಿ ನಡೆದಿರುವುದು ಹತ್ತಿರದಿಂದ ತೆಗೆದ ಮುಖಚಿತ್ರಗಳ ಸುತ್ತ. ಗೋಡೆಯೊಂದು ಮಸುಕಾದರೆ ಯಾರೂ ನೊಂದುಕೊಳ್ಳುವುದಿಲ್ಲ. ಮುಖದಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎನ್ನುವಾಗ ಮಾತ್ರ ಆ ಮುಖದ ಒಡೆಯರಿಗೂ ನೋಡುವವರಿಗೂ ಅದರಲ್ಲಿ ಪಾಲಿರುತ್ತದೆ.

ಸಾಫ್ಟ್ ಫೋಕಸ್ ಅಂದರೆ ಫೋಕಸ್ ಇಲ್ಲದಿರುವುದು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಹಿನ್ನೆಲೆಯನ್ನು ಮಸುಕುಗೊಳಿಸುವುದನ್ನೂ ಅದೇ ಹೆಸರಿನಿಂದ ಕರೆಯುವವರಿದ್ದಾರೆ. ಎರಡೂ ಬೇರೆ. ಬಾಗಿದ ಗಾಜಿನ ನಡುಭಾಗದಿಂದ ಹಾದ ಬೆಳಕು ಒಂದು ಬಿಂದುವಿನಲ್ಲಿ ಕೂಡಿದರೆ, ಅಂಚಿನಿಂದ ಹಾದ ಬೆಳಕು ಲೆನ್ಸಿಗೆ ಇನ್ನೂ ಹತ್ತಿರದಲ್ಲೇ ಕೂಡಿಬಿಡುತ್ತದೆ. ಸ್ಫೆರಿಕಲ್ ಅಬೆರೇಶನ್ ಎಂಬ ಹೆಸರಿನ ಈ ದೋಷವನ್ನು ತಿದ್ದಲು ಲೆನ್ಸ್ ತಯಾರಕರು ಹಲವು ಗಾಜುಗಳನ್ನು ಜೋಡಿಸುತ್ತಾರೆ. ತಿದ್ದದೆ ಬಿಟ್ಟರೆ ಫಿಲಂ ಮೇಲೆ ಒಂದರ ಮೇಲೊಂದು ಎರಡು ಚಿತ್ರಗಳು ಬೀಳುತ್ತವೆ: ನಡುವಿನ ಕಿರಣಗಳು ಬರೆದ ಖಚಿತ ಚಿತ್ರ, ಅದರ ಮೇಲೆ ಅಂಚಿನ ಕಿರಣಗಳು ಹರಡಿದ ಪ್ರಭೆ. ರೆಪ್ಪೆಗೂದಲು ಕಾಣುತ್ತದೆ, ಅದರ ಸುತ್ತಲಿನ ಬೆಳಕು ಮಾತ್ರ ಗಡಿ ದಾಟಿ ಹೊಮ್ಮುತ್ತದೆ. ಒಳಗೆ ಆ ಗಟ್ಟಿ ಗೆರೆಯಿಲ್ಲದ ಚಿತ್ರ ಬರೀ ಮಸುಕು. ಈ ಲೇಖನದಲ್ಲಿ ಬರುವ ಒಳ್ಳೆಯ ಕೆಲಸವೆಲ್ಲ ಇದೇ ಗೆರೆಯನ್ನು ಕಾಪಾಡಿಕೊಂಡದ್ದು ಎಂದು ನನ್ನ ನಂಬಿಕೆ.

ಮುಖಚಿತ್ರಕ್ಕೆಂದೇ ಲೆಕ್ಕಹಾಕಿ ರೂಪಿಸಿದ ಮೊದಲ ಲೆನ್ಸ್ 1840ರಷ್ಟು ಹಳೆಯದು. ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕಹಾಕಿದ್ದು, ವಾಯ್ಗ್ಟ್‌ಲೆಂಡರ್ ತಯಾರಿಸಿದ್ದು. ಅದು ನಡುವೆ ಚುರುಕು, ಅಂಚಿನತ್ತ ಸಡಿಲ. ಅವರಿಗೆ ಬೇಕಿದ್ದದ್ದು ವೇಗ, ಮೃದುತ್ವವಲ್ಲ. ಕುರ್ಚಿಯಲ್ಲಿ ಕೂತವರು ಅಲುಗದೆ ಇರಬೇಕಾದ ಹೊತ್ತನ್ನು ಅದು ಬಹಳ ಕಡಿಮೆ ಮಾಡಿತು. ಮೃದುತ್ವವನ್ನು ಬಯಸಿ ಆರಿಸಿಕೊಂಡ ಮೊದಲ ದೊಡ್ಡ ಪ್ರತಿಭೆಯ ಹುಟ್ಟೂರು ಕಲ್ಕತ್ತ.

ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ 1815ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿಯೊಬ್ಬರ ಮಗಳಾಗಿ ಹುಟ್ಟಿದರು. ಗಂಡ ಚಾರ್ಲ್ಸ್ ಹೇ ಕ್ಯಾಮೆರಾನ್, ಮೆಕಾಲೆಯ ಜೊತೆ ಭಾರತದ ಮೊದಲ ಕಾನೂನು ಆಯೋಗದಲ್ಲಿದ್ದವರು. 1848ರಲ್ಲಿ ಈ ಕುಟುಂಬ ಇಂಗ್ಲೆಂಡಿಗೆ ಹೋಯಿತು. 1863ರ ಡಿಸೆಂಬರಿನಲ್ಲಿ ಮಗಳು ಮತ್ತು ಅಳಿಯ ಆಕೆಗೆ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟಾಗ ವಯಸ್ಸು 48. ಐಲ್ ಆಫ್ ವೈಟ್ ದ್ವೀಪದ ಫ್ರೆಶ್‌ವಾಟರಿನ ಮನೆಯಲ್ಲಿ ಕಲ್ಲಿದ್ದಲಿನ ಕೋಣೆಯೇ ಡಾರ್ಕ್‌ರೂಮ್ ಆಯಿತು, ಗಾಜು ಹಾಕಿಸಿದ್ದ ಕೋಳಿಮನೆ ಸ್ಟುಡಿಯೋ ಆಯಿತು. ಮುಂದಿನ ಜನವರಿಯಲ್ಲಿ ಪುಟ್ಟ ಹುಡುಗಿ ಆನಿಯ ಚಿತ್ರ ಬಂತು. ಅದನ್ನು ತಮ್ಮ ಮೊದಲ ಯಶಸ್ಸು ಎಂದು ಆಕೆಯೇ ಬರೆದುಕೊಂಡರು.

ಆಗಿನ ವೆಟ್ ಕೊಲೋಡಿಯನ್ ಪ್ಲೇಟಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಕೆಂಪಿಗೆ ಅದು ಕುರುಡು. ಹಾಗಾಗಿ ಚರ್ಮದ ಕೆಂಪು ಕಲೆ, ಮಚ್ಚೆ, ಸುಕ್ಕು ಎಲ್ಲವೂ ನಿಜಕ್ಕಿಂತ ಕಪ್ಪಾಗಿ ಮೂಡುತ್ತಿದ್ದವು. ಊರೂರಿನ ಸ್ಟುಡಿಯೋಗಳು ಅದಕ್ಕೆ ಪರಿಹಾರವಾಗಿ ಮುಖವನ್ನು ದೂರವಿಟ್ಟು, ಅಂಗೈಯಷ್ಟು ಕಾರ್ಡಿನಲ್ಲಿ ಪೂರ್ತಿ ಆಳನ್ನು ತೋರಿಸಿ ಮುಗಿಸುತ್ತಿದ್ದವು. ಕ್ಯಾಮೆರಾನ್ ಮುಖದ ತೀರ ಹತ್ತಿರಕ್ಕೆ ಹೋದರು. 1866ರಿಂದ 15×12 ಅಂಗುಲದ ಪ್ಲೇಟಿನಲ್ಲಿ, ಹೆಚ್ಚುಕಡಿಮೆ ನಿಜಗಾತ್ರದ ತಲೆ. ಇಷ್ಟು ದೊಡ್ಡ ಚಿತ್ರಕ್ಕೆ ಬೇಕಾದ ಉದ್ದ ಲೆನ್ಸಿನಲ್ಲಿ ಫೋಕಸ್ ಪದರ ತೀರ ತೆಳು: ಕಣ್ಣು ಸ್ಪಷ್ಟವಿದ್ದರೆ ಕಿವಿ ಇರುವುದಿಲ್ಲ. ಎಕ್ಸ್‌ಪೋಶರ್ ನಿಮಿಷಗಟ್ಟಲೆ, ಅಷ್ಟು ಹೊತ್ತಿನ ಉಸಿರಾಟ, ಸಣ್ಣ ಅಲುಗಾಟಗಳೂ ಚಿತ್ರದೊಳಗೆ ಸೇರಿಕೊಳ್ಳುತ್ತಿದ್ದವು. ಇದರಲ್ಲಿ ಎಷ್ಟು ಸಾಧನದ ಮಿತಿ, ಎಷ್ಟು ಆಯ್ಕೆ ಎಂದು ಪಂಡಿತರು ಇಂದಿಗೂ ಚರ್ಚಿಸುತ್ತಾರೆ. ಆಕೆಯ ಅಪೂರ್ಣ ಆತ್ಮಕಥನದಲ್ಲಿ ಉತ್ತರವಿದೆ: ಫೋಕಸ್ ತಿರುಗಿಸುತ್ತಾ ಹೋಗುವಾಗ ಕಣ್ಣಿಗೆ ಸುಂದರವೆನಿಸಿದ ಕಡೆ ಆಕೆ ನಿಲ್ಲಿಸುತ್ತಿದ್ದರು, ಉಳಿದವರು ಪಟ್ಟುಹಿಡಿಯುವ ಖಚಿತ ಬಿಂದುವಿನವರೆಗೆ ಹೋಗುತ್ತಿರಲಿಲ್ಲ. ಫೋಟೋಗ್ರಫಿಯ ಪತ್ರಿಕೆಗಳು ಇದನ್ನು ಕೈ ಪಳಗದವರ ಕೆಲಸವೆಂದು ಜರೆದವು.

1867ರಲ್ಲಿ ತೆಗೆದ ವಿಜ್ಞಾನಿ ಜಾನ್ ಹರ್ಷಲ್‌ರ ಮುಖಚಿತ್ರವನ್ನು ಒಮ್ಮೆ ನೋಡಬೇಕು. ಹೈಪೋ ದ್ರಾವಣದಿಂದ ಫೋಟೋ ಮಾಸದಂತೆ ನಿಲ್ಲಿಸಬಹುದೆಂದು ಕಂಡುಕೊಂಡವರು ಇದೇ ಹರ್ಷಲ್. ಕ್ಯಾಮೆರಾನ್‌ರ ಹಳೆಯ ಸ್ನೇಹಿತರು ಕೂಡ. ಕತ್ತಲಿನಿಂದ ಮುಂದೆ ಬಂದ ವೃದ್ಧ ಮುಖ, ಕೆದರಿ ಹೊಳೆಯುವ ಬಿಳಿಗೂದಲು, ದಣಿದರೂ ಎಚ್ಚರವಾಗಿರುವ ಕಣ್ಣು. ಮೃದುತ್ವ ಇಲ್ಲಿ ಒಂದು ಸುಕ್ಕನ್ನೂ ಅಳಿಸಿಲ್ಲ. ರಂಧ್ರ, ಕಲೆಗಳೆಂಬ ಸಣ್ಣ ಗದ್ದಲವನ್ನು ಹಿಂದೆ ಸರಿಸಿ ಹಣೆಯ ದೊಡ್ಡ ಗೆರೆಗಳಿಗೆ ಜಾಗ ಮಾಡಿಕೊಟ್ಟಿದೆ. ಅದೇ ವರ್ಷದ ಕಾರ್ಲೈಲ್, ಮರುವರ್ಷದ ಡಾರ್ವಿನ್ ಚಿತ್ರಗಳಲ್ಲೂ ವಯಸ್ಸು ಪೂರ್ತಿ ಉಳಿದಿದೆ. ತಂಗಿಯ ಮಗಳು ಜೂಲಿಯಾ ಜಾಕ್ಸನ್‌ಳ (ಮುಂದೆ ವರ್ಜಿನಿಯಾ ವುಲ್ಫ್‌ಳ ತಾಯಿಯಾದವಳು) ಮುಖಕ್ಕೂ ಹರ್ಷಲ್‌ರಿಗೆ ಸಂದ ಅದೇ ಗಾಂಭೀರ್ಯವೇ ಸಂದಿದೆ. ಈ ಸಮಾನತೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಅರವತ್ತು ವರ್ಷಗಳಲ್ಲಿ ಕಳೆದುಹೋದದ್ದು ಅದೇ.

ಕ್ಯಾಮೆರಾನ್ 1879ರಲ್ಲಿ ಸಿಲೋನಿನಲ್ಲಿ ತೀರಿಕೊಂಡರು. ಆ ಹೊತ್ತಿಗೆ ಲೆನ್ಸ್ ಅಂಗಡಿಗಳು ಮೃದುತ್ವವನ್ನು ಮಾರತೊಡಗಿದ್ದವು. ಲಂಡನ್ನಿನ ಡಾಲ್‌ಮೇಯರ್ 1866ರಲ್ಲೇ ಹಿಂದಿನ ಗಾಜನ್ನು ತಿರುಗಿಸಿ ಮೃದುತ್ವವನ್ನು ಹೆಚ್ಚುಕಡಿಮೆ ಮಾಡಬಹುದಾದ ಪೋರ್ಟ್ರೇಟ್ ಲೆನ್ಸ್ ಹೊರತಂದಿದ್ದರು. 1889ರಲ್ಲಿ ಛಾಯಾಗ್ರಾಹಕ ಪೀಟರ್ ಹೆನ್ರಿ ಎಮರ್ಸನ್ ಇದಕ್ಕೊಂದು ಸಿದ್ಧಾಂತ ಕಟ್ಟಿದರು: ಮನುಷ್ಯನ ಕಣ್ಣು ನೋಡುತ್ತಿರುವ ಬಿಂದುವನ್ನಷ್ಟೇ ಸ್ಪಷ್ಟವಾಗಿ ಕಾಣುತ್ತದೆ, ಚಿತ್ರವೂ ಹಾಗೇ ಇರಬೇಕು. ಒಂದೆರಡು ವರ್ಷದಲ್ಲೇ ಛಾಯಾಗ್ರಹಣ ಕಲೆಯೆಂಬ ತಮ್ಮ ವಾದವನ್ನು ಅವರೇ ಹಿಂತೆಗೆದುಕೊಂಡರು. ಅಷ್ಟರಲ್ಲಿ ಅನುಯಾಯಿಗಳು ಬಹಳ ಮುಂದೆ ಹೋಗಿದ್ದರು. ಲಂಡನ್ನಿನ ಲಿಂಕ್ಡ್ ರಿಂಗ್ (1892), ನ್ಯೂಯಾರ್ಕಿನಲ್ಲಿ ಛಾಯಾಗ್ರಾಹಕ ಸ್ಟೀಗ್ಲಿಟ್ಜ್ ಕಟ್ಟಿದ ಫೋಟೋ ಸೆಸೆಶನ್ (1902) ಗುಂಪುಗಳ ಕಾಲದಲ್ಲಿ ಮೃದು ಚಿತ್ರವೆಂದರೆ ಕಲೆ, ಚುರುಕು ಚಿತ್ರವೆಂದರೆ ಕಸುಬು ಎಂಬ ಗೆರೆ ಬಿತ್ತು. ಆ ಅವಧಿಯ ಹಲವು ಚಿತ್ರಗಳಲ್ಲಿ ಮಂಜು ಮುಖಕ್ಕಿಂತ ಮೊದಲೇ ನಿರ್ಧಾರವಾಗಿರುತ್ತದೆ. ಗುಂಪಿನ ರುಚಿಯೇ ನಿಯಮವಾದಾಗ ಹೀಗಾಗುತ್ತದೆ.

ಲೆನ್ಸುಗಳು ಮಾತ್ರ ಅದ್ಭುತವಾದವು. ಬಾಸ್ಟನ್ನಿನ ಪಿಂಕಮ್ ಆಂಡ್ ಸ್ಮಿತ್ ಕಂಪನಿ ಬೇಕೆಂದೇ ಅರೆಬರೆ ತಿದ್ದಿದ ಲೆನ್ಸುಗಳನ್ನು ಮಾಡಿತು. ಅವುಗಳಲ್ಲಿ ಬಣ್ಣದ ದೋಷವೂ ಉಳಿದಿರುತ್ತಿತ್ತು. ಕಣ್ಣಿಗೆ ಕಾಣುವ ಹಳದಿ ಬೆಳಕು ಒಂದು ಕಡೆ ಕೂಡಿದರೆ, ಪ್ಲೇಟನ್ನು ತಟ್ಟುವ ನೀಲಿ ಇನ್ನೊಂದು ಕಡೆ ಕೂಡುತ್ತಿತ್ತು. ಗಾಜಿನ ಪರದೆಯ ಮೇಲೆ ಕಂಡದ್ದನ್ನೇ ನಂಬಿದವರಿಗೆ ಚಿತ್ರ ಕೈಕೊಡುತ್ತಿತ್ತು. ಕಂಡ ಮೇಲೆ ಎಷ್ಟು ಸರಿಸಬೇಕೆಂಬುದು ಅಭ್ಯಾಸದಿಂದ ಬರಬೇಕಾದ ವಿದ್ಯೆ. ಜಪಾನಿನ ಹವ್ಯಾಸಿಗಳ ದಾರಿ ಇನ್ನೂ ಸರಳ. ವೆಸ್ಟ್ ಪಾಕೆಟ್ ಕೊಡಾಕ್ ಎಂಬ ಅಗ್ಗದ ಕ್ಯಾಮೆರಾದ ಲೆನ್ಸಿನ ಮುಂದಿದ್ದ ಸಣ್ಣ ಕಿಂಡಿಯ ಮುಚ್ಚಳವನ್ನು ಕಿತ್ತುಹಾಕಿ, ಅದು ತಡೆದಿದ್ದ ಅಂಚಿನ ಬೆಳಕನ್ನೆಲ್ಲ ಒಳಗೆ ಬಿಟ್ಟುಕೊಂಡರು.

ಆಸ್ಟ್ರಿಯಾದ ಹೈನ್‌ರಿಶ್ ಕೂನ್‌ರ ಆಲೋಚನೆಯಿಂದ ಹುಟ್ಟಿ 1930ರ ದಶಕದ ಆರಂಭದಲ್ಲಿ ರೋಡೆನ್‌ಸ್ಟಾಕ್ ಮಾರುಕಟ್ಟೆಗೆ ತಂದ ಇಮ್ಯಾಗನ್ ಈ ಪರಂಪರೆಯ ಶಿಖರ. ಜರಡಿಯಂತಹ ತಟ್ಟೆಗಳು ಅದರ ಜೊತೆ ಬರುತ್ತಿದ್ದವು: ನಡುವೆ ಒಂದು ದೊಡ್ಡ ತೂತು, ಸುತ್ತ ಸಣ್ಣ ತೂತುಗಳ ಸಾಲು. ನಡುವಿನದು ಖಚಿತ ಚಿತ್ರ ಬರೆಯುತ್ತದೆ, ಸುತ್ತಲಿನವು ಪ್ರಭೆ ಸೇರಿಸುತ್ತವೆ; ತಟ್ಟೆ ತಿರುಗಿಸಿ ಸಣ್ಣ ತೂತುಗಳನ್ನು ಬೇಕಾದಷ್ಟು ಮುಚ್ಚಬಹುದು. 1935ರ ಲೈಟ್ಸ್ (ಇಂದಿನ ಲೈಕಾ) ಥಾಂಬಾರ್ ಇದಕ್ಕೆ ತದ್ವಿರುದ್ಧ. 90 ಮಿಲಿಮೀಟರಿನ ಆ ಲೆನ್ಸಿನ ಮುಂದೆ ನಡುವಲ್ಲಿ ಬೆಳ್ಳಿ ಚುಕ್ಕೆಯಿರುವ ಗಾಜನ್ನು ಸಿಕ್ಕಿಸಿದರೆ ಖಚಿತ ಚಿತ್ರ ಬರೆಯುವ ನಡುವಿನ ಕಿರಣಗಳೇ ನಿಂತುಹೋಗಿ ಅಂಚಿನವಷ್ಟೇ ಉಳಿಯುತ್ತವೆ. ಒಂದು ಪ್ರಭೆಯನ್ನು ಅಳೆದು ಹಾಕುತ್ತದೆ, ಇನ್ನೊಂದು ಗೆರೆಯನ್ನು ಅಳೆದು ತೆಗೆಯುತ್ತದೆ. ಎರಡರಲ್ಲೂ ಅಪರ್ಚರ್ (ಬೆಳಕಿನ ಕಿಂಡಿ) ಬದಲಿಸಿದರೆ ಫೋಕಸ್ ಬಿಂದು ತಾನೇ ಜರುಗುವುದರಿಂದ, ಚಿತ್ರ ತೆಗೆಯುವ ಅಪರ್ಚರಿನಲ್ಲೇ ಫೋಕಸ್ ಮಾಡಬೇಕು. ಬೆಳಕೂ ಗಟ್ಟಿಯಾಗಿರಬೇಕು. ಮೋಡದ ದಿನದ ಸಪಾಟು ಬೆಳಕಿನಲ್ಲಿ ಇಂಥ ಲೆನ್ಸ್ ಮುಖವನ್ನು ಪೇಲವ ಮಾಡಿಬಿಡುತ್ತದೆ. ಒಂದು ಪಕ್ಕದಿಂದ ಬಿದ್ದ ಖಡಕ್ ಬೆಳಕಿಗೆ ಅದು ಜೀವ ತುಂಬುತ್ತದೆ.

ಈ ಎರಡು ಲೆನ್ಸುಗಳಿಗೂ ಮೊದಲೇ ಮೃದುತ್ವ ಸಿನಿಮಾಕ್ಕೆ ದಾಟಿತ್ತು. 1919ರ ‘ಬ್ರೋಕನ್ ಬ್ಲಾಸಮ್ಸ್’ ಚಿತ್ರದಲ್ಲಿ ಲಿಲಿಯನ್ ಗಿಶ್‌ಳ ಸಮೀಪದೃಶ್ಯಗಳನ್ನು ತೆಗೆಯಲು ನಿರ್ದೇಶಕ ಗ್ರಿಫಿತ್ ಸ್ಥಿರಛಾಯಾಗ್ರಾಹಕ ಹೆನ್ರಿಕ್ ಸಾರ್ಟೋವ್‌ರನ್ನು ಕರೆತಂದರು. ತಮ್ಮದೇ ಮೃದು ಲೆನ್ಸ್ ರೂಪಿಸಿ ಮಾರುತ್ತಿದ್ದ ಫೋಟೋ ಸೆಸೆಶನ್ನಿನ ಕಾರ್ಲ್ ಸ್ಟ್ರಸ್ ಹಾಲಿವುಡ್ಡಿಗೆ ಹೋಗಿ, ‘ಸನ್‌ರೈಸ್’ ಚಿತ್ರಕ್ಕಾಗಿ ಚಾರ್ಲ್ಸ್ ರೋಶರ್ ಜೊತೆ ಛಾಯಾಗ್ರಹಣದ ಮೊಟ್ಟಮೊದಲ ಆಸ್ಕರ್ ಪಡೆದರು. ಇಲ್ಲಿಂದ ಮುಂದೆ ನಡೆದದ್ದು ನನಗೆ ನೋವಿನ ಸಂಗತಿ. ನಾಯಕನ ಮುಖ ಚುರುಕಾಗಿ ಕಾಣುತ್ತದೆ. ಅದೇ ಸಂಭಾಷಣೆಯಲ್ಲಿ ನಾಯಕಿಯ ಸರದಿ ಬಂದೊಡನೆ ಲೆನ್ಸಿನ ಮುಂದೆ ಜಾಲರಿ ಬಟ್ಟೆ ಬರುತ್ತದೆ. ನಟಿಗೆ ವಯಸ್ಸಾದಷ್ಟೂ ಬಟ್ಟೆಯ ಪದರ ಹೆಚ್ಚು. ಕ್ಯಾಮೆರಾನ್ ವಯಸ್ಸನ್ನು ಎತ್ತಿಹಿಡಿಯಲು ಬಳಸಿದ ಸಾಧನ ಹೆಣ್ಣಿನ ವಯಸ್ಸನ್ನು ಮುಚ್ಚುವ ಪರದೆಯಾಯಿತು. ಸಾಫ್ಟ್ ಫೋಕಸ್ ಎಂದರೆ ಹುಸಿ ಓಲೈಕೆ ಎಂಬ ಇಂದಿನ ಭಾವನೆಗೆ ಕಾರಣ ಲೆನ್ಸ್ ಅಲ್ಲ, ಈ ತಾರತಮ್ಯ.

ಮೃದುತ್ವದ ವಿರುದ್ಧ ಪ್ರತಿಭಟನೆಯೂ ಬಂತು. 1932ರಲ್ಲಿ ಕ್ಯಾಲಿಫೋರ್ನಿಯಾದ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜನ್ ಕನಿಂಗ್‌ಹ್ಯಾಮ್ ಮೊದಲಾದವರು ಎಫ್/64 ಎಂಬ ಗುಂಪು ಕಟ್ಟಿ, ಅತಿ ಸಣ್ಣ ಅಪರ್ಚರಿನ ಅತಿ ಸ್ಪಷ್ಟ ಚಿತ್ರವೇ ಛಾಯಾಗ್ರಹಣದ ಧರ್ಮವೆಂದರು. ವೆಸ್ಟನ್ ತಮ್ಮ ಯೌವನದ ಸ್ಟುಡಿಯೋದಲ್ಲಿ ಮೃದು ಮುಖಚಿತ್ರಗಳಿಂದಲೇ ಹೆಸರು ಮಾಡಿದವರು. ಅವರು ಅದನ್ನು ಕೊಡವಿಕೊಂಡ ರೀತಿ ಪ್ರಾಮಾಣಿಕವಾದದ್ದು, ಅದರಿಂದ ಹುಟ್ಟಿದ ಚಿತ್ರಗಳು ದೊಡ್ಡವು. ಆದರೆ ಗುಂಪಿನ ವಿಜಯ ಎಷ್ಟು ಪೂರ್ಣವಾಗಿತ್ತೆಂದರೆ ವಿಲಿಯಂ ಮಾರ್ಟೆನ್ಸನ್‌ರಂತಹ ಎದುರಾಳಿಗಳು ಬಹುಕಾಲ ಇತಿಹಾಸದ ಪುಸ್ತಕಗಳಿಂದಲೇ ಮರೆಯಾದರು.

ಕಲೆಯ ಜಗತ್ತು ಕೈಬಿಟ್ಟ ಮೇಲೆ ಸಾಫ್ಟ್ ಫೋಕಸ್ ಉಳಿದದ್ದು ಸ್ಟುಡಿಯೋಗಳಲ್ಲಿ ಮತ್ತು ಮದುವೆ ಆಲ್ಬಮ್ಮುಗಳಲ್ಲಿ. ಹಂಗೇರಿಯ ಯೆನೋ ದುಲೋವಿಟ್ಸ್‌ರ ಡ್ಯೂಟೊ ಗಾಜಿನಲ್ಲಿ ವೃತ್ತಾಕಾರದ ಗೆರೆಗಳಿದ್ದವು. ಮುಂದೆ ಬಂದ ಝೈಸ್ ಸಾಫ್ಟಾರಿನಲ್ಲಿ ಅಲ್ಲಲ್ಲಿ ಪುಟ್ಟ ಉಬ್ಬುಗಳು. ನಡುವಿನ ನಯ ಗಾಜು ಗೆರೆ ಬರೆದರೆ ಉಬ್ಬುಗಳು ಪ್ರಭೆ ಕೊಡುತ್ತವೆ. ಇಮ್ಯಾಗನ್ನಿನ ತತ್ತ್ವವೇ ಅಗ್ಗದಲ್ಲಿ. ಇನ್ನೂ ಅಗ್ಗದಲ್ಲಿ ಬೇಕಾದವರು ಫಿಲ್ಟರಿಗೆ ವ್ಯಾಸಲೀನ್ ಸವರಿದರು, ಕಾಲುಚೀಲದ ಜಾಲರಿ ಬಿಗಿದರು. ಕೆಲವರು ಚಿತ್ರ ತೆಗೆಯುವಾಗ ಸುಮ್ಮನಿದ್ದು ಎನ್‌ಲಾರ್ಜರಿನ ಕೆಳಗೆ ಬಟ್ಟೆ ಹಿಡಿದರು, ಆದರೆ ಪರಿಣಾಮ ತಲೆಕೆಳಗಾಗುತ್ತದೆ. ಕ್ಯಾಮೆರಾದಲ್ಲಿ ಬೆಳಕು ನೆರಳಿನೊಳಗೆ ಹರಿಯುತ್ತದೆ. ನೆಗೆಟಿವ್‌ನಿಂದ ಪ್ರಿಂಟ್ ಮಾಡುವಾಗ ಹರಡುವುದು ಕಪ್ಪು. ಕೂದಲ ಸುತ್ತ ಹೊಳಪಿನ ಬದಲು ಹೊಗೆ ಕಾಣುತ್ತದೆ.

ಹಾಲಿವುಡ್ಡಿನ ಜಾಲರಿ ಬಟ್ಟೆಗೆ ಬೇರೆ ಉತ್ತರವೂ ಇತ್ತು ಎನ್ನಲು ನಾನು ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರನ್ನು ತೋರಿಸುತ್ತೇನೆ. ‘ಪ್ಯಾಸಾ’ (1957), ‘ಕಾಗಜ್ ಕೆ ಫೂಲ್’ (1959) ಚಿತ್ರಗಳಲ್ಲಿ ವಹೀದಾ ರೆಹಮಾನ್‌ರ ಮುಖ ಮೃದುವಾಗಿದೆ, ಆದರೆ ಗುರುದತ್ತರ ಮುಖವೂ ಅಷ್ಟೇ ಮೃದು, ಅಷ್ಟೇ ನೆರಳಿನಲ್ಲಿ ಅದ್ದಿದ್ದು. ನಾಯಕ ನಾಯಕಿಯರಿಗೆ ಒಂದೇ ಬೆಳಕಿನ ನ್ಯಾಯ. ಕಣ್ಣು ಎಲ್ಲೂ ಮಸುಕಾಗುವುದಿಲ್ಲ.

ಲೆನ್ಸ್ ಕಂಪನಿಗಳು ಮತ್ತೆ ಒಂದು ಸುತ್ತು ಪ್ರಯತ್ನಿಸಿದವು. 1978ರ ಮಿನೋಲ್ಟಾ ವೇರಿಸಾಫ್ಟ್, 1987ರ ಕ್ಯಾನನ್ 135 ಸಾಫ್ಟ್‌ಫೋಕಸ್‌ಗಳಲ್ಲಿ ಒಂದು ಉಂಗುರ ತಿರುಗಿಸಿದರೆ ದೋಷ ಬೇಕಾದಷ್ಟು ಹೆಚ್ಚುತ್ತಿತ್ತು, ಸೊನ್ನೆಗೆ ತಂದರೆ ಸಾಮಾನ್ಯ ಲೆನ್ಸಾಗುತ್ತಿತ್ತು. ಡಿಜಿಟಲ್ ಬಂದಮೇಲೆ ಇಂಥ ಲೆನ್ಸುಗಳು ಒಂದೊಂದಾಗಿ ನಿಂತವು. ಮಸುಕನ್ನು ಕಂಪ್ಯೂಟರಿನಲ್ಲಿ ಸೇರಿಸಬಹುದು, ಲೆನ್ಸಿಗೇಕೆ ಹಣ ಎಂಬುದು ಎಲ್ಲರ ವಾದ. ಈಗ ಫೋನಿನ ಸೌಂದರ್ಯ ಫಿಲ್ಟರ್ ಚರ್ಮವನ್ನು ಗುರುತಿಸಿ ನಯಗೊಳಿಸುತ್ತದೆ, ಕಣ್ಣು ತುಟಿಗಳನ್ನು ಹರಿತಗೊಳಿಸುತ್ತದೆ. ಅದು ಮಾಡುವುದು ಮೃದು ಲೆನ್ಸಿನ ಕೆಲಸವನ್ನಲ್ಲ. ಲೆನ್ಸಿಗೆ ಚರ್ಮ ಯಾವುದು, ಗೋಡೆ ಯಾವುದು ಗೊತ್ತಿಲ್ಲ. ಬೆಳಕು ಎಲ್ಲಿ ಹೆಚ್ಚೋ ಅಲ್ಲಿ ಹೊಮ್ಮುತ್ತದೆ, ಅಷ್ಟೆ. ಅದಕ್ಕೆ ಮುಪ್ಪಿನ ಮೇಲೆ ಹಗೆಯಿಲ್ಲ.

ತಾಂತ್ರಿಕವಾಗಿಯೂ ಅಂತರ ಉಳಿದಿದೆ. ಸೆನ್ಸರ್ ತಾಳುವ ಮಿತಿ ದಾಟಿದ ಬೆಳಕು ಬಿಳಿಯಾಗಿ ಕತ್ತರಿಸಿಹೋಗುತ್ತದೆ. ನಿಜದಲ್ಲಿ ಹತ್ತು ಪಟ್ಟು ಪ್ರಖರವಾಗಿದ್ದ ಕಿವಿಯೋಲೆಯ ಹೊಳಪೂ ಬಿಳಿ ಅಂಗಿಯೂ ಫೈಲಿನಲ್ಲಿ ಒಂದೇ ಬಿಳಿ. ಲೆನ್ಸು ಆ ಹತ್ತು ಪಟ್ಟನ್ನು ಸೆನ್ಸರ್ ತಲುಪುವ ಮೊದಲೇ ಸುತ್ತ ಹಂಚಿಬಿಟ್ಟಿರುತ್ತದೆ. ತಂತ್ರಾಂಶಕ್ಕೆ ಹಂಚಲು ಅದು ಸಿಗುವುದೇ ಇಲ್ಲ. ಲೈಕಾ 2017ರಲ್ಲಿ ಥಾಂಬಾರನ್ನು ಮತ್ತೆ ತಯಾರಿಸಿದ್ದಕ್ಕೆ ಹಳೆಯದರ ಮೋಹ ಒಂದು ಕಾರಣವಿರಬಹುದು, ಆದರೆ ಈ ಭೌತಿಕ ಸತ್ಯವೂ ಅದರ ಹಿಂದಿದೆ. ಸಿನಿಮಾ ಛಾಯಾಗ್ರಾಹಕರು ಡಿಜಿಟಲ್ ಕ್ಯಾಮೆರಾದ ಮುಂದೆ ಮಂಜಿನ ಫಿಲ್ಟರುಗಳನ್ನು ಮರಳಿ ತಂದದ್ದಕ್ಕೂ ಇದು ಒಂದು ಕಾರಣ. ಆದರೆ ಈ ಮರಳಿಕೆಯಲ್ಲಿ ನನ್ನ ಕಣ್ಣಿಗೆ ಬೀಳುವ ಮುಖಗಳೆಲ್ಲ ಹೆಚ್ಚಾಗಿ ಎಳೆಯವು. ಎಪ್ಪತ್ತು ದಾಟಿದ ಹೆಂಗಸೊಬ್ಬರನ್ನು, ಪಕ್ಕದ ಕಿಟಕಿಯ ಗಟ್ಟಿ ಬೆಳಕಿನಲ್ಲಿ, ಹರ್ಷಲ್‌ರನ್ನು ತೆಗೆದಷ್ಟು ಹತ್ತಿರದಿಂದ, ಒಂದು ಸುಕ್ಕನ್ನೂ ಬಿಟ್ಟುಕೊಡದೆ ಇಂಥ ಲೆನ್ಸಿನಲ್ಲಿ ತೆಗೆದ ಚಿತ್ರಗಳು ಇನ್ನೂ ತೀರ ಕಡಿಮೆ. ಲೆನ್ಸುಗಳು ಸಿಗುತ್ತಿರುವಾಗ ಯಾರಾದರೂ ಆ ಕೆಲಸಕ್ಕೆ ಕೈಹಾಕಬೇಕು.